ಸ್ಟೆಲ್ಲಾಳ ಜಡೆ

ನನ್ನ ಮೊಮ್ಮಗಳು ಪವಿತ್ರಾಗೆ ಟೀಚರ್ ಕೆಲಸ ಸಿಕ್ಕಿದೆ! ಬೆಳಿಗ್ಗೆ ಅವಳು ಫೋನ್ ಇಟ್ಟು, "ಅಜ್ಜೀ, ಸೋಮವಾರದಿಂದ ಬನ್ನಿ ಅಂದ್ರು" ಎಂದಾಗ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಅದೇ ಕೈಯಲ್ಲಿ ಅವಳ ಕೆನ್ನೆ ಸವರಿಬಿಟ್ಟೆ. ಆಮೇಲೆ ಮೆಟ್ಟಿಲಿಳಿದು ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದೆ. ಹಾಲಿನ ಅಂಗಡಿಯವನಿಗೆ ಹೇಳಿದ್ದನ್ನೇ ಮತ್ತೆ ಹೇಳಿದೆನಂತೆ, ಅವನು ನಗುತ್ತಿದ್ದ. ಯಾವ ಶಾಲೆ ಗೊತ್ತೇ? ಇಲ್ಲೇ, ನಮ್ಮ ಹಲಸೂರಿನ ಸಿಸ್ಟರುಗಳ ಶಾಲೆ. ಒಂದು ಕಾಲದಲ್ಲಿ ಇವಳನ್ನು ಅಲ್ಲಿಂದ ಓಡಿಸಿಬಿಡುತ್ತಾರೆಂದು ನಾನು ಗಡಗಡ ನಡುಗಿದ್ದೆನಲ್ಲ, ಅದೇ ಶಾಲೆ.

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಆ ದಿನವೇ ನೆನಪಾಗುತ್ತದೆ.

ಆಗ ಪವಿತ್ರಾ ಐದನೇ ಕ್ಲಾಸು. ಹೊಲಿಗೆ ಕ್ಲಾಸಿನಲ್ಲಿ ಪಕ್ಕದ ಹುಡುಗಿ ಸ್ಟೆಲ್ಲಾ, "ನಿನ್ನ ಹೊಲಿಗೆ ಇಲಿ ಕಡಿದಂಗಿದೆ" ಎಂದಳಂತೆ. ಇವಳು ಕೈಯಲ್ಲಿದ್ದ ಕತ್ತರಿಯಿಂದ ಅವಳ ಜಡೆಯನ್ನೇ ಕತ್ತರಿಸಿಬಿಟ್ಟಳು. ಸೊಂಟದವರೆಗೆ ಬೀಳುತ್ತಿದ್ದ ಜಡೆ! ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಶಾಲೆಯ ಆಯಾ ಬಂದು, "ಅಜ್ಜೀ, ದೊಡ್ಡ ಸಿಸ್ಟರ್ ಕರೀತಾವ್ರೆ, ಈಗ್ಲೇ ಬರ್ಬೇಕಂತೆ" ಎಂದಾಗ ಉಟ್ಟ ಸೀರೆಯಲ್ಲೇ ಹೊರಟೆ.

ನೀವು ಓದಿದವರು. ನಿಮಗೆ ಶಾಲೆಯ ಆಫೀಸು ಎಂದರೆ ಒಂದು ಕೋಣೆ, ಅಷ್ಟೇ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವಳಿಗೆ ಹಾಗಲ್ಲ. ಇಂಗ್ಲಿಷಿನಲ್ಲಿ ಬೈದರೆ ಎಲ್ಲಿ ತಲೆಯಾಡಿಸಬೇಕು, ಎಲ್ಲಿ ಅಳಬೇಕು? ಜಡೆ ಕತ್ತರಿಸಿದ ಹುಡುಗಿಯನ್ನು ಇನ್ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಗೇಟಿನೊಳಗೆ ಮೇರಿಯಮ್ಮನ ಪ್ರತಿಮೆ ಕಂಡದ್ದೇ, ದೇವಸ್ಥಾನಕ್ಕೆ ಬಂದವಳ ಹಾಗೆ ಚಪ್ಪಲಿ ಅಲ್ಲೇ ಬಿಟ್ಟು ನಡೆದೆ. ಬಿಸಿಲಿಗೆ ಕಾದ ಸಿಮೆಂಟು. ಅಂಗಾಲು ಸುಟ್ಟದ್ದೂ ತಿಳಿಯಲಿಲ್ಲ.

ದೊಡ್ಡ ಸಿಸ್ಟರ್ ನನ್ನ ಕಾಲನ್ನೇ ನೋಡಿದರು. ಎದ್ದು ಬಂದು ತಾವೇ ಕುರ್ಚಿ ಎಳೆದರು.

"ಮೊದ್ಲು ಕೂತ್ಕೊಳ್ಳಿ ಅಜ್ಜಿ. ಕಾಲು ಸುಡ್ಲಿಲ್ವಾ?"

"ಟೀಸಿ ಮಾತ್ರ ಕೊಡ್ಬೇಡಿ ತಾಯಿ, ನಿಮ್ಮ ದಮ್ಮಯ್ಯ."

ಅವರು ಮೂಲೆಯಲ್ಲಿ ನಿಂತಿದ್ದ ಪವಿತ್ರಾಳ ಕಡೆ ತಿರುಗಿದರು. "ಇದನ್ನ ಸರಿ ಮಾಡೋದು ಹೇಗೆ? ನೀನೇ ಹೇಳು."

"ನನ್ ಜಡೇನೂ ಕತ್ತರಿಸಿಬಿಡಿ ಸಿಸ್ಟರ್."

"ಆಗ ಇಬ್ಬರಿಗೂ ಜಡೆ ಇರಲ್ಲ. ಅವಳಿಗೇನು ಸಿಕ್ತು? ಮನೆಗೆ ಹೋಗಿ ಯೋಚನೆ ಮಾಡು. ನಾಳೆ ಹೇಳು. ನಿನ್ನನ್ನ ಇಲ್ಲಿ ಇಟ್ಕೋಬೇಕಾ ಬೇಡ್ವಾ, ಅದೂ ನಾಳೆ."

ಎರಡೇಟು ಹಾಕಿದ್ದರೆ ನಾನು ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆ. ಈಗ ಈ 'ನಾಳೆ'ಯನ್ನು ಹೊತ್ತುಕೊಂಡು ಬಂದೆ. "ಕಾಲಿಗೆ ಬಿದ್ದು ಅತ್ತುಬಿಡೇ" ಎಂದು ಹೇಳಿಕೊಟ್ಟೆ. ಆ ಚೋಟುದ್ದದ ಹುಡುಗಿ, "ಅದು ಯೋಚನೆ ಅಲ್ಲ ಅಜ್ಜಿ" ಎಂದು ಗೋಡೆಯ ಕಡೆ ತಿರುಗಿ ಕೂತಳು.

ಮರುದಿನ ಸಿಸ್ಟರ್ ಮುಂದೆ ಇವಳು ಬ್ಯಾಗಿನಿಂದ ನಮ್ಮ ಮನೆಯ ಎಣ್ಣೆ ಬಾಟಲಿ, ಬಾಚಣಿಗೆ ತೆಗೆದಿಟ್ಟಳು. ತಂದದ್ದು ನನಗೂ ಗೊತ್ತಿರಲಿಲ್ಲ. "ಸ್ಟೆಲ್ಲಾ ಕೂದ್ಲು ಬೆಳೆಯೋವರ್ಗೂ ದಿನಾ ನಾನೇ ಬಾಚ್ತೀನಿ."

"ಕೂದಲು ಅವಳದು. ಅವಳು ಒಪ್ಪಬೇಕಲ್ಲ" ಎಂದರು ಸಿಸ್ಟರ್.

ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಸ್ಟೆಲ್ಲಾ ಎಣ್ಣೆ ಬಾಟಲಿಯನ್ನು ನೋಡಿದಳು, ಇವಳನ್ನು ನೋಡಿದಳು. ನಾನು ಕುರ್ಚಿಯ ತುದಿಗೆ ಸರಿದೆ.

"ಎಳೆದ್ರೆ ಒದೀತೀನಿ" ಎಂದಳು.

"ಒದಿ" ಎಂದಳು ಇವಳು.

ಸಿಸ್ಟರ್ ನಗು ಬಚ್ಚಿಡಲು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಟೀಸಿಯ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ಪ್ರಾರ್ಥನೆಯ ಬೆಲ್ಲಿಗೆ ಮೊದಲು ಶಾಲೆಯ ಜಗಲಿಯ ಮೇಲೆ ಇವರಿಬ್ಬರ ತಲೆ ಬಾಚುವ ಕೆಲಸ. ನಾನು ಗೇಟಿನಾಚೆ ನಿಂತು ನೋಡುತ್ತಿದ್ದೆ. ಬಾಚಣಿಗೆ ಸಿಕ್ಕು ಹಿಡಿದಾಗಲೆಲ್ಲ ಗೇಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ, ಮತ್ತೆ ಜಗಳವಾದರೆ? ಮೊದಮೊದಲು ಮಾತಿಲ್ಲ ಕತೆಯಿಲ್ಲ. ಆಮೇಲೆ ಗೊಣಗಾಟ. ರಿಬ್ಬನ್ ನಿಲ್ಲುವಷ್ಟು ಕೂದಲು ಬೆಳೆಯುವ ಹೊತ್ತಿಗೆ, ಬೆಲ್ ಹೊಡೆದರೂ ಏಳದಷ್ಟು ಹರಟೆ.

ಈ ಸಂಜೆ ಊಟಕ್ಕೆ ಸ್ಟೆಲ್ಲಾಳೂ ಬಂದಿದ್ದಳು. ಕೂದಲು ಕಿವಿಯವರೆಗೆ ಮಾತ್ರ! "ಪಾಟೀ, ಇವ್ಳು ಅವತ್ತೇ ಫ್ರೀಯಾಗಿ ಮಾಡ್ಕೊಟ್ಟ ಸ್ಟೈಲು. ಈಗ ಪಾರ್ಲರ್‌ಗೆ ದುಡ್ಡು ಸುರೀತಿದೀನಿ" ಎಂದಳು. ಅವಳ ಮನೆಯ ತಮಿಳಿನಲ್ಲಿ ನಾನು ಅಜ್ಜಿಯಲ್ಲ, ಪಾಟಿ. ಮಗ ನೀರು ಕುಡಿಯುತ್ತಿದ್ದವನು ನಕ್ಕು ಕೆಮ್ಮಿದ. ಸೊಸೆ ಎಲ್ಲರ ತಟ್ಟೆಗೂ ಮಟನ್ ಸಾರು ಬಡಿಸಿದಳು. ಪವಿತ್ರಾ ಮಾತ್ರ ಅನ್ನ ಕಲಸುತ್ತಲೇ ಇದ್ದಳು.

"ಅಜ್ಜಿ, ಭಯ ಆಗ್ತಿದೆ. ನನ್ ಕ್ಲಾಸಲ್ಲೂ ಯಾವ್ದಾದ್ರೂ ಮಗು ಹಿಂಗೆ ಮಾಡಿದ್ರೆ? ನಾನು ಸಿಟ್ಟಲ್ಲಿ ಏನಾದ್ರೂ ಅಂದ್ಬಿಟ್ರೆ?"

ಬೆಳಿಗ್ಗೆಯಿಂದ ಊರೆಲ್ಲ ಸಾರಿಕೊಂಡು ಬಂದ ನನಗೂ ಒಳಗೊಳಗೇ ಇದ್ದದ್ದು ಅದೇ ಹೆದರಿಕೆ. ಅವಳ ಬಾಯಲ್ಲಿ ಅದನ್ನು ಕೇಳಿದ ಮೇಲೆ, ಯಾಕೋ, ನನ್ನದು ಸ್ವಲ್ಪ ಇಳಿಯಿತು.

"'ನಾಳೆ ಹೇಳು' ಅನ್ನು. ಮೊದ್ಲು ಆ ಮಗುವಿನ ಅಜ್ಜಿಗೊಂದು ಕುರ್ಚಿ ಕೊಡು."

ಸ್ಟೆಲ್ಲಾ ತನ್ನ ತಟ್ಟೆಯಲ್ಲಿದ್ದ, ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಎತ್ತಿ ಇವಳ ಅನ್ನದ ಮೇಲೆ ಇಟ್ಟಳು. "ತಿನ್ನೇ ಟೀಚರಮ್ಮಾ, ಇಲ್ಲಾಂದ್ರೆ ಒದೀತೀನಿ."

ಪವಿತ್ರಾ ನಕ್ಕು ತುತ್ತು ಬಾಯಿಗಿಟ್ಟಳು. ಎಷ್ಟು ತೊಳೆದರೂ ಎಣ್ಣೆಯ ವಾಸನೆ ಬಿಡದ ಕೈಯಲ್ಲಿ ನಾನೂ ಬಿಸಿ ಅನ್ನಕ್ಕೆ ಸಾರು ಕಲಸಿಕೊಂಡೆ.