ಪಬ್ಬಿನ ಹೊಸಿಲು

ನಾರ್ತ್ ಸಿಡ್ನಿಯ ನಮ್ಮ ಆಫೀಸಿನ ಹಿಂದೆ ಇಂಗ್ಲಿಷರ ಕಾಲದ ಒಂದು ಹಳೇ ಪಬ್ ಇದೆ. ಹೊರಗೋಡೆಗೆಲ್ಲ ಹಸಿರು ಟೈಲ್ಸ್. ಮೈಸೂರಿಂದ ಬಂದಿದ್ದ ನಮ್ಮ ಸೋದರತ್ತೆ ಅದನ್ನು ನೋಡಿದ್ದೇ, "ಸದ್ಯ, ಟಾಯ್ಲೆಟ್ ಸಿಕ್ಕಿತಲ್ಲಪ್ಪ" ಅಂತ ಸೀದಾ ನಡೆದೇಬಿಟ್ಟರು. ನಾನು ಹಿಂದೆಯೇ ಓಡಿದೆ.

ಬಾಗಿಲಲ್ಲಿ ಅತ್ತೆ ಗಕ್ಕನೆ ನಿಂತರು. ಕಲ್ಲಿನ ಹೊಸಿಲು ನಡುವೆ ಬಟ್ಟಲಿನ ಹಾಗೆ ಸವೆದಿತ್ತು. ಪಬ್ಬಿನ ಓನರ್ ಹೆಮ್ಮೆಯಿಂದ, "ತಲೆಮಾರುಗಳಿಂದ ಗಿರಾಕಿಗಳು ತುಳಿದು ತುಳಿದು ಆಗಿರೋ ಗುಳಿ ಅದು" ಅಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಹೊಸಿಲು ತುಳಿದರೆ ಲಕ್ಷ್ಮಿ ಒಳಗೆ ಹೇಗೆ ಬರ್ತಾಳೆ? ಕೇಳು ಅವನನ್ನ."

ಸಂಕೋಚದಿಂದಲೇ ಕೇಳಿದೆ. ಓನರ್ ಮುಖ ಸಪ್ಪಗಾಯಿತು. "ಈ ಪಬ್ ನಡೆಸಿದವರು ಯಾರೂ ಉದ್ಧಾರ ಆಗಿಲ್ಲ. ಇವರಿಗೆ ಹೇಗೆ ಗೊತ್ತಾಯ್ತು?"

ಅತ್ತೆ ಬಲಗಾಲಿಟ್ಟು ಹೊಸಿಲು ದಾಟಿ ಟಾಯ್ಲೆಟ್ಟಿಗೆ ಹೋದರು.

ಮುಂದಿನ ಶುಕ್ರವಾರ ಟೀಮಿನವರ ಜೊತೆ ಹೋದರೆ ಬಾಗಿಲಲ್ಲಿ ಬೋರ್ಡು: ಹೊಸಿಲು ತುಳಿದವರು ಮನೆಗೆ ಹೋಗತಕ್ಕದ್ದು. ಯಾರಿಗೆ ಏರಿದೆ ಅಂತ ಕಂಡುಹಿಡಿಯೋದಕ್ಕೂ ಅನುಕೂಲವಂತೆ. ನಮ್ಮ ಮ್ಯಾನೇಜರ್ ಅಷ್ಟೆಲ್ಲ ಬಿಯರ್ ಇಳಿಸಿಯೂ ಜಿಂಕೆಯ ಹಾಗೆ ದಾಟಿ, ಸಿಗರೇಟು ಸೇದಿ ಬಂದ. ಅಷ್ಟರಲ್ಲಿ ನನಗೆ ಅತ್ತೆಯ ಫೋನು. ಹೊರಗೆ ಹೋಗಿ, ಬೋರ್ಡಿನ ಸುದ್ದಿ ಹೇಳುತ್ತಲೇ ವಾಪಸ್ ಬಂದೆ.

"ಈಗ ಯಾರೂ ತುಳಿಯಲ್ಲ ತಾನೇ?" ಅಂದರು.

"ಇಲ್ಲ ಅತ್ತೆ, ಒಬ್ಬರೂ ಇಲ್ಲ" ಅನ್ನುತ್ತ ಸರಿಯಾಗಿ ಗುಳಿಯೊಳಗೇ ಕಾಲಿಟ್ಟೆ.

ನಿಂಬೆಹಣ್ಣಿನ ಸೋಡಾ ಕುಡಿದು ಆಚೆ ಹಾಕಿಸಿಕೊಂಡವನು, ಆ ಪಬ್ಬಿನ ಇಡೀ ಚರಿತ್ರೆಯಲ್ಲಿ ನಾನೊಬ್ಬನೇ ಅಂತೆ.