ಗಂಧಕವೂ ಅರ್ಧ ವಿಜ್ಞಾನಿಯೂ

ಶಾಲೆಯ ರಸಾಯನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಗಾಜಿನ ನಳಿಕೆ ತೊಳೆದು ನಿವೃತ್ತನಾದವನಿಗೆ ತಾನೂ ಅರ್ಧ ವಿಜ್ಞಾನಿಯೆಂಬ ಗುಟ್ಟಾದ ನಂಬಿಕೆಯಿತ್ತು. ಇನ್ನರ್ಧ ಎಲ್ಲಿದೆಯೆಂದು ಅವನು ಹುಡುಕಲು ಹೋಗಿರಲಿಲ್ಲ.

ಒಂದು ಭಾನುವಾರ ಊಟಕ್ಕೆ ಬಂದಿದ್ದ ಭಾವಮೈದ ಕೈ ಒರೆಸಿಕೊಳ್ಳುತ್ತಾ, "ಭಾವ, ನೀವಲ್ಲಿ ಮಾಡ್ತಿದ್ದಿದ್ದು ಪಾತ್ರೆ ತೊಳೆಯೋ ಕೆಲಸ ತಾನೇ?" ಎಂದ. ಕೆಣಕಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಗಿಡಗಳಿಗೆ ತಂದ ಗಂಧಕದ ಪುಡಿ ಮನೆಯಲ್ಲಿತ್ತು. ಪಕ್ಕದ ಮನೆಯ ಅಕ್ಕಸಾಲಿಗನಿಂದ ನೈಟ್ರಿಕ್ ಆಮ್ಲದ ಸೀಸೆ ಬಂತು. ಹಳೆಯ ಕೋಟು ತೊಟ್ಟು, ಬಚ್ಚಲುಮನೆಯಲ್ಲಿ ಭಾವಮೈದನನ್ನು ಎದುರು ನಿಲ್ಲಿಸಿಕೊಂಡು, ಶಾಲೆಯ ರಸಾಯನದ ಟೀಚರಮ್ಮನ ದನಿಯಲ್ಲೇ ಪಾಠ ಶುರುಮಾಡಿದ.

"ಗಂಧಕ ಲೋಹ ಅಲ್ಲ. ಆದ್ರೂ ಈ ಆಮ್ಲ ಅದನ್ನ ಬಿಡಲ್ಲ. ನೋಡ್ತಿರು, ಕಂದು ಹೊಗೆ ಬರತ್ತೆ."

ಬಂತು. ಕರೆದದ್ದಕ್ಕಿಂತ ಹೆಚ್ಚೇ ಬಂತು. ಪಾಠದ ಮುಂದಿನ ವಾಕ್ಯ ಕೆಮ್ಮಿನಲ್ಲಿ ಕೊಚ್ಚಿಹೋಯಿತು. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಎದ್ದು ಬಂದು, ಗಂಡನನ್ನೂ ತಮ್ಮನನ್ನೂ ಕಾಲರು ಹಿಡಿದು ಹೊರಗಿನ ಮೆಟ್ಟಿಲಿಗೆ ಎಳೆದಳು. ಹಗಲು ಕಂಡ ಬಾವಿಗೆ ಇರುಳಲ್ಲಿ ಬೀಳುವವರನ್ನು ಲೋಕ ಕಂಡಿದೆ. ಇವನು ಹಗಲಲ್ಲೇ ಬಿದ್ದಿದ್ದ.

ಅಲ್ಲಿಂದಲೇ ಟೀಚರಮ್ಮನಿಗೆ ಫೋನು ಮಾಡಿದ.

"ಒಳಗೆ ಯಾರೂ ಹೋಗಬೇಡಿ. ಅಗ್ನಿಶಾಮಕದವರನ್ನ ಕರೀರಿ. ಈಗ ಹಾಯೆನಿಸಿದ್ರೂ ಆಸ್ಪತ್ರೆಗೆ ಹೋಗ್ಲೇಬೇಕು" ಎಂದರು ಅವರು. ಆಮೇಲೆ ಕೇಳಿದರು, "ಅಲ್ರೀ, ಶಾಲೇಲಿ ಈ ಪ್ರಯೋಗಕ್ಕೆ ಮುಂಚೆ ಹೊಗೆ ಎಳೆಯೋ ಫ್ಯಾನು ಹಾಕ್ತಿದ್ದಿದ್ದು ಯಾರು?"

"ನಾನೇ, ಮೇಡಂ."

"ಮತ್ತೆ?"

ಸ್ವಿಚ್ಚು ಒತ್ತುವುದು ಜವಾನನ ಕೆಲಸ, ಆಮ್ಲ ಸುರಿಯುವುದೇ ವಿಜ್ಞಾನ ಎಂದು ಅವನು ಇಷ್ಟು ವರ್ಷ ಅಂದುಕೊಂಡಿದ್ದ.

ಶ್ವಾಸಕೋಶದ ಮಾತು, ಒಂದು ದಿನ ನೋಡಬೇಕೆಂದು ವೈದ್ಯರು ಇಬ್ಬರನ್ನೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸಿದರು. ಅವನು ಗೋಡೆಯ ಕಡೆ ಮುಖ ಮಾಡಿದ್ದ. ಭಾವಮೈದ ಮೆಲ್ಲಗೆ ಕೆಮ್ಮಿ, "ಭಾವ, ಬಣ್ಣ ಮಾತ್ರ ಚೆನ್ನಾಗಿತ್ತು" ಎಂದ. ಅವನಿಗೆ ನಗು ಬಂತು. ನಕ್ಕಾಗ ಎದೆ ಉರಿಯಿತು.

ಆಮ್ಲ ತಾಗಿದ ಬೆರಳುಗಳ ಹಳದಿ ಮೂರು ವಾರ ಹೋಗಲಿಲ್ಲ. ಕೇಳಿದವರಿಗೆಲ್ಲ ಕತೆಯನ್ನು ತಾನೇ ಹೇಳಿದ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಅದೇ ಮೇಲು. ಹೇಳಿದಷ್ಟು ಸಲವೂ ತನ್ನನ್ನು ಒಂದು ತೂಕ ಹೆಚ್ಚೇ ದಡ್ಡನಾಗಿಸಿಕೊಳ್ಳುತ್ತಿದ್ದ.

"ಅಷ್ಟೊಂದು ಸೇರಿಸ್ಬೇಡಿ, ಇದ್ದಷ್ಟೇ ಸಾಕು" ಎಂದಳು ಹೆಂಡತಿ, ಹೊಲಿಗೆ ನಿಲ್ಲಿಸದೆ.