ಹೆಸರಿನ ಮುಂದಿನ ಹೆಸರು

“ನನ್ನ ಹೆಸರಿನ ಮುಂದ ಇದು ಯಾರದವ್ವ?”

ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಪುಟದ ಮೇಲೆ ಬೆರಳಿಟ್ಟು ದೇವಮ್ಮಾಯಿ ಕೇಳಿದಳು. ಶಿರವಾಳದ ಆಕೆಯ ಮನೆಯಲ್ಲಿ ಕುಳಿತು ಬರೆದುಕೊಂಡ ಬೀಸುವ ಹಾಡುಗಳೇ ಆ ಪ್ರಬಂಧದ ಜೀವಾಳ. ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮೇಲೆ ನನ್ನ ಪ್ರತಿಯನ್ನು ತೋರಿಸಲು ಖುಷಿಯಿಂದ ಹೋಗಿದ್ದೆ. ಮಹಿಳಾ ಸಂಘದಲ್ಲಿ ಸಹಿ ಮಾಡಲು ಕಲಿತಿದ್ದ ಆಕೆಗೆ ತನ್ನ ಹೆಸರಿನ ಅಕ್ಷರಗಳಷ್ಟೇ ಗೊತ್ತು. ಪರಾಮರ್ಶನ ಪಟ್ಟಿಯಲ್ಲಿ ಅವನ್ನು ತಾನೇ ಹುಡುಕಿ ಹಿಡಿದಿದ್ದಳು.

“ಭೀಮರಾಯ ಅಂತದರಿ ಆಯಿ. ಅಡ್ಡಹೆಸರು ಮೊದಲ ಬರೀಬೇಕಂತ ನೇಮ ಅದ. ನಿಮ್ಮ ಆಧಾರ ಕಾರ್ಡಿನಾಗ ‘ದೇವಮ್ಮ ಗಂಡ ಭೀಮರಾಯ’ ಅಂತಿತ್ತಲ್ಲ, ಅದಕ್ಕ.”

ಬೆರಳು ಹಿಂದಕ್ಕೆ ಬಂತು. ಆಕೆಗೆ ಎಡಗಣ್ಣಿಲ್ಲ. ಹುಟ್ಟಿನಿಂದಲೇ ಹಾಗೆ ಎಂದು ತಿಳಿದು ನಾನೆಂದೂ ಕೇಳಿರಲಿಲ್ಲ.

“ಬೀಸೋ ಕಲ್ಲಿನ ಗೂಟ ಕಿತ್ತು ಹೊಡದು ಈ ಕಣ್ಣ ತಗದಾಂವ ಅಂವ. ಅಂವ ಹೊಡದಾಗೊಮ್ಮೆ ಕಲ್ಲಿನ ಮುಂದ ಕುಂತು ಹಾಡೀನಿ. ಈ ಹಾಡಿನ ಬುಕ್ಕಿನಾಗೂ ಅಂವನ್ನೇ ಮುಂದ ಕುಂದ್ರಿಸಿದಿಯಲ್ಲ. ನಿಮ್ಮ ನೇಮಕ್ಕೂ ಗಂಡ ಬೇಕೇನು ತಂಗಿ?”

ತಿದ್ದಬಹುದೇ ಎಂದು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದೆ. ಸಲ್ಲಿಸಿದ ಪ್ರಬಂಧವನ್ನು ಮುಟ್ಟುವಂತಿಲ್ಲ ಎಂದರು. ನನ್ನ ಪ್ರತಿಯಲ್ಲಿ ಮಾತ್ರ ಅವನ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿದೆ. ಆಕೆಗೆ ಹೇಳಲಾಗದ ಮಾತೊಂದು ನನ್ನಲ್ಲೇ ಉಳಿದಿದೆ: ಪ್ರಬಂಧದ ಒಳಗೆ ಒಂದೊಂದು ಹಾಡಿನ ಕೆಳಗೂ, ಕಂಸದಲ್ಲಿ, ನೇಮದಂತೆ ಅಡ್ಡಹೆಸರಷ್ಟೇ ಇದೆ. ಆಕೆಯ ಅಷ್ಟೂ ಹಾಡುಗಳು ಗ್ರಂಥಾಲಯದಲ್ಲಿ ಅವನ ಹೆಸರಿನಲ್ಲೇ ಕುಳಿತಿವೆ.